ಹೊಸ ಲ್ಯಾಪ್‌ಟಾಪ್‌ನಲ್ಲಿ ಚಿತ್ರ ಕಾಣದಿದ್ದರೆ: ಒಂದು ಸ್ಪಷ್ಟನೆ

ಬ್ರೌಸರ್‌ನಲ್ಲಿ ಚಿತ್ರಗಳು ಮೂಡದಿದ್ದರೆ ಹೊಸ ಲ್ಯಾಪ್‌ಟಾಪ್‌ನ ಗ್ರಾಫಿಕ್ಸ್ ಚಿಪ್ (ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗ) ಕೆಟ್ಟಿದೆಯೆಂದೇ ಅರ್ಥ, ಕೂಡಲೇ ಹಿಂದಿರುಗಿಸಬೇಕು ಎಂಬ ಸಂದೇಶವೊಂದು ತುಮಕೂರಿನ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಸಾಲ ಮಾಡಿ ಕೊಡಿಸಿದ ಪೋಷಕರನ್ನು ವೃಥಾ ಗಾಬರಿಗೊಳಿಸುತ್ತಿದೆ. ಇದು ಸರಿಯಲ್ಲ. ಲ್ಯಾಪ್‌ಟಾಪ್‌ನಲ್ಲಿ ಉಳಿಸಿಟ್ಟ ಫೋಟೊಗಳು ಸರಿಯಾಗಿ ತೆರೆದುಕೊಂಡು, ಜಾಲತಾಣದ ಚಿತ್ರಗಳಷ್ಟೇ ಕಾಣದಿದ್ದರೆ ದೋಷವನ್ನು ಮೊದಲು ಹುಡುಕಬೇಕಾದದ್ದು ಬ್ರೌಸರ್‌ನಲ್ಲಿ. ಒಂದೇ ಪುಟದ ಬರಹ ಒಂದು ಸರ್ವರ್‌ನಿಂದಲೂ ಚಿತ್ರಗಳು ಮತ್ತೊಂದರಿಂದಲೂ ಬರುವುದುಂಟು. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಆ ಎರಡನೆಯದನ್ನು ತಡೆದರೆ ಬರಹ ಉಳಿದು ಚಿತ್ರದ ಜಾಗ ಖಾಲಿಯಾಗುತ್ತದೆ. ಕ್ರೋಮ್ ಬ್ರೌಸರ್‌ನ ಖಾಸಗಿ ಕಿಟಕಿಯಾದ ಇನ್‌ಕಾಗ್ನಿಟೊದಲ್ಲಿ ಎಕ್ಸ್‌ಟೆನ್ಷನ್‌ಗಳು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲವಾದ್ದರಿಂದ ಅದೇ ಪುಟವನ್ನು ಅಲ್ಲಿ ತೆರೆದು ನೋಡಿ; ಚಿತ್ರಗಳು ಕಂಡರೆ ಅನುಮಾನಿಸಬೇಕಾದದ್ದು ಎಕ್ಸ್‌ಟೆನ್ಷನ್‌ ಅನ್ನು. ಬ್ರೌಸರ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ಚಿತ್ರಗಳಿಗೆ ಅನುಮತಿ ಇದೆಯೇ ಎಂಬುದನ್ನೂ ಪರೀಕ್ಷಿಸಿ. ಚಿತ್ರಗಳ ಬದಲು ಕಪ್ಪು ಚೌಕಗಳು ಕಂಡರೆ ಗ್ರಾಫಿಕ್ಸ್ ಮೇಲೆ ಅನುಮಾನ ಪಡಬಹುದು. ಆಗಲೂ ಬ್ರೌಸರ್ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆಕ್ಸಲರೇಷನ್ (ಚಿತ್ರ ಮೂಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸುವ ಆಯ್ಕೆ) ಆಫ್ ಮಾಡಿ, ಆ ಚಿಪ್ಪನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಅಪ್‌ಡೇಟ್ ಮಾಡಿ ನೋಡಿದ ಮೇಲೆಯೇ ಅಂಗಡಿಗೆ ಹೋಗುವುದು ಸೂಕ್ತ.