ಔಷಧ ಚೀಟಿ ಬರೆಯುವ ಪರೀಕ್ಷೆ ಅಂತಿಮ ವರ್ಷಕ್ಕೆ ಬರಲಿ

ಕರ್ನಾಟಕದಲ್ಲಿ ಎಂಬಿಬಿಎಸ್ ಓದುವವರು ಫಾರ್ಮಕಾಲಜಿಯನ್ನು, ಅಂದರೆ ಔಷಧ ವಿಜ್ಞಾನವನ್ನು, ಎರಡನೆಯ ಹಂತದಲ್ಲಿ, ವಾರ್ಡಿನ ಪರಿಚಯ ಆಗಷ್ಟೇ ಆಗುತ್ತಿರುವಾಗ, ಓದಿ ಪರೀಕ್ಷೆ ಬರೆದು ಮುಗಿಸುತ್ತಾರೆ. ಚೀಟಿ ಬರೆಯುವ ಹೊಣೆ ಹೆಗಲಿಗೇರುವುದು ಹೌಸ್ ಸರ್ಜನ್ ಆದ ಮೇಲೆ. ಅಷ್ಟು ಹೊತ್ತಿಗೆ ಓದಿದ್ದರಲ್ಲಿ ಬಹುಪಾಲು ಮರೆತಿರುತ್ತದೆ. ಅಲ್ಲಿ ಕಲಿತು ಈಗ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಅಂತಿಮ ವರ್ಷದವರಿಗೆ ಪಾಠ ಹೇಳುತ್ತಿರುವ ನನಗೆ, ನಮ್ಮ ಪಠ್ಯಕ್ರಮಕ್ಕಿಂತ ನಮ್ಮ ಪರೀಕ್ಷೆಯ ವೇಳಾಪಟ್ಟಿಯೇ ಹೆಚ್ಚು ಕೆಟ್ಟಿದೆ ಎನ್ನಿಸುತ್ತದೆ.

ಇಲ್ಲಿಯದೆಲ್ಲ ಮೇಲು ಎಂದು ಹೇಳಲು ನಾನು ಸಿದ್ಧನಿಲ್ಲ. ಬ್ರಿಟನ್ನಿನ ವೈದ್ಯರ ನಿಯಂತ್ರಣ ಸಂಸ್ಥೆಯಾದ ಜನರಲ್ ಮೆಡಿಕಲ್ ಕೌನ್ಸಿಲ್ 1993ರಲ್ಲಿ ವಿದ್ಯಾರ್ಥಿಗಳ ಮೇಲಿನ ಮಾಹಿತಿಯ ಹೊರೆ ತಗ್ಗಿಸಬೇಕೆಂದು ಸೂಚಿಸಿದ ಮೇಲೆ, ಅನೇಕ ಕಾಲೇಜುಗಳಲ್ಲಿ ಫಾರ್ಮಕಾಲಜಿ ಪ್ರತ್ಯೇಕ ವಿಷಯವಾಗಿ ಉಳಿಯದೆ ಬೇರೆ ಪಾಠಗಳಲ್ಲಿ ಕರಗಿಹೋಯಿತು. ಔಷಧವೊಂದು ಜೀವಕೋಶದ ಯಾವ ಗ್ರಾಹಕದ (ರಿಸೆಪ್ಟರ್) ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದರೆ ನಮ್ಮ ಹುಡುಗರು ಇಲ್ಲಿಯವರಿಗಿಂತ ಚೆನ್ನಾಗಿಯೇ ಉತ್ತರಿಸುತ್ತಾರೆಂಬುದು ನನ್ನ ಅನುಭವ.

ಆದರೆ ಬ್ರಿಟನ್ ತನ್ನ ಕೊರತೆಯನ್ನು ಅಳೆದು ನೋಡಿತು. ಇಂಗ್ಲೆಂಡಿನ ವಾಯವ್ಯ ಭಾಗದ 19 ಆಸ್ಪತ್ರೆಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಪರಿಶೀಲಿಸಿದ ಔಷಧ ಆದೇಶಗಳಲ್ಲಿ ಶೇಕಡಾ 8.9ರಲ್ಲಿ ದೋಷಗಳನ್ನು ಕಂಡಿತು. ಹಿರಿಯ ವೈದ್ಯರೂ ಅದಕ್ಕೆ ಹೊರತಾಗಿರಲಿಲ್ಲ. ಮುಂದೆ ಬ್ರಿಟಿಷ್ ಫಾರ್ಮಕಾಲಜಿಕಲ್ ಸೊಸೈಟಿ ಮತ್ತು ಮೆಡಿಕಲ್ ಸ್ಕೂಲ್ಸ್ ಕೌನ್ಸಿಲ್ ಸೇರಿ ಅಂತಿಮ ವರ್ಷದವರಿಗಾಗಿ ಔಷಧ ಬರೆಯುವ ಪರೀಕ್ಷೆಯೊಂದನ್ನು ರೂಪಿಸಿದವು. ಎರಡು ಗಂಟೆ, 60 ಪ್ರಶ್ನೆ, 200 ಅಂಕ. ಅದರಲ್ಲಿ 80 ಅಂಕ ಚೀಟಿ ಬರೆಯುವುದಕ್ಕೇ ಮೀಸಲು. ಔಷಧಗಳ ಡೋಸ್, ಎಚ್ಚರಿಕೆಗಳನ್ನು ಕೊಡುವ ಕೈಪಿಡಿಯಾದ ಬ್ರಿಟಿಷ್ ನ್ಯಾಷನಲ್ ಫಾರ್ಮ್ಯುಲರಿಯನ್ನು ಎದುರಿಗೆ ತೆರೆದಿಟ್ಟುಕೊಂಡೇ ಉತ್ತರಿಸಬಹುದು. ನಮ್ಮವರಿಗೆ ಇದು ಸಡಿಲವೆಂದು ತೋರಬಹುದು, ಆದರೆ ನಿಜವಾದ ಕಷ್ಟ ಶುರುವಾಗುವುದೇ ಅಲ್ಲಿಂದ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುತ್ತಿರುವ ಎಂಬತ್ತರ ಅಜ್ಜಿಗೆ ಎದೆಯ ಸೋಂಕಾಗಿದೆ, ಪೆನಿಸಿಲಿನ್ ಅಲರ್ಜಿಯಿದೆ, ಮೂತ್ರಪಿಂಡ ಸೋತು ಕ್ರಿಯಾಟಿನಿನ್ ಏರಿದೆ ಎನ್ನಿ. ಸೋಂಕಿಗೆ ಕೊಡುವ ಕ್ಲಾರಿತ್ರೊಮೈಸಿನ್‌ನ ಡೋಸ್ ಪುಸ್ತಕದಲ್ಲಿ ಸಿಗುತ್ತದೆ. ಅದು ವಾರ್ಫರಿನ್‌ನ ಪರಿಣಾಮವನ್ನು ಹೆಚ್ಚಿಸಿ ರಕ್ತಸ್ರಾವಕ್ಕೆ ದಾರಿ ಮಾಡಬಹುದೆಂಬ ಅನುಮಾನ ವಿದ್ಯಾರ್ಥಿಗೆ ತಾನಾಗಿ ಬರದಿದ್ದರೆ, ಅವನು ಆ ಪುಟವನ್ನು ತೆರೆಯುವುದೇ ಇಲ್ಲ. ಕಂಠಪಾಠದಿಂದ ಹುಟ್ಟದ ಈ ಅನುಮಾನವನ್ನೇ ಆ ಪರೀಕ್ಷೆ ಅಳೆಯುತ್ತದೆ.

ಭಾರತವೂ ಸುಮ್ಮನೆ ಕುಳಿತಿಲ್ಲ. 2019ರ ಬ್ಯಾಚಿನಿಂದ ಜಾರಿಗೆ ಬಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮದಲ್ಲಿ ಜೆನೆರಿಕ್ ಹೆಸರಿನ ಚೀಟಿ ಬರೆಯುವುದು, ಬೇರೆಯವರು ಬರೆದ ಚೀಟಿಯ ಗುಣದೋಷ ವಿಮರ್ಶಿಸುವುದು, ಅಡ್ಡಪರಿಣಾಮ ವರದಿ ಮಾಡುವುದು, ಕಂಪನಿಯ ಪ್ರತಿನಿಧಿಯೊಡನೆ ಹೇಗೆ ವ್ಯವಹರಿಸಬೇಕೆಂಬುದು ಎಲ್ಲವೂ ಇದೆ; ಕೊನೆಯದು ಬಹಳ ಜಾಣ ಸೇರ್ಪಡೆ. ಇಷ್ಟಿದ್ದೂ ಇವೆಲ್ಲ ಎರಡನೆಯ ಹಂತದಲ್ಲೇ, ಕಾಗದದ ಮೇಲಿನ ರೋಗಿಗಳನ್ನು ಇಟ್ಟುಕೊಂಡು ಕಲಿಯುವಂಥವು. ಫಾರ್ಮಕಾಲಜಿ ವಿಭಾಗವಿರುವುದು ಕಾಲೇಜು ಕಟ್ಟಡದಲ್ಲಿ, ರೋಗಿಗಳಿರುವುದು ಆಸ್ಪತ್ರೆಯಲ್ಲಿ. ಆ ವಿಭಾಗದ ಅಧ್ಯಾಪಕರು ವಾರ್ಡಿನ ಸುತ್ತಿಗೆ ಬರುವ ರೂಢಿ ನಮ್ಮಲ್ಲಿ ಅಪರೂಪ. ಬ್ರಿಟನ್ನಿನಲ್ಲಿ ಕ್ಲಿನಿಕಲ್ ಫಾರ್ಮಕಾಲಜಿ ತಜ್ಞರು, ಸಂಖ್ಯೆಯಲ್ಲಿ ಕಡಿಮೆಯೇ ಆದರೂ, ತಾವೇ ರೋಗಿಗಳನ್ನು ನೋಡಿಕೊಳ್ಳುವ ವೈದ್ಯರು.

ಅಂತಿಮ ವರ್ಷದ ಇಂಥ ಪರೀಕ್ಷೆಯ ಅಗತ್ಯ ಇಂಗ್ಲೆಂಡಿಗಿಂತ ನಮಗೇ ಹೆಚ್ಚು. ಇಲ್ಲಿ ಇಂಗ್ಲೆಂಡಿನಲ್ಲಿ ಕಿರಿಯ ವೈದ್ಯ ತಪ್ಪು ಬರೆದರೆ ವಾರ್ಡಿನ ಫಾರ್ಮಸಿಸ್ಟ್ ರೋಗಿಯ ಡ್ರಗ್ ಚಾರ್ಟ್ ನೋಡಿ ಕರೆದು ಕೇಳುತ್ತಾರೆ. ನಮ್ಮ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಉದ್ದನೆಯ ಸಾಲನ್ನು ಒಬ್ಬಂಟಿಯಾಗಿ ನೋಡುವ ಹೊಸ ವೈದ್ಯನ ಚೀಟಿಯನ್ನು ಇನ್ನೊಬ್ಬರು ತಿದ್ದುವ ಏರ್ಪಾಡು ಎಲ್ಲಿದೆ? ಮೇಲಾಗಿ ಅವನ ಮುಂದಿರುವ ಮಾರುಕಟ್ಟೆ, ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧ ಬೆರೆಸಿ ನಾನಾ ಬ್ರ್ಯಾಂಡಿನಲ್ಲಿ ಮಾರುವಂಥದ್ದು. ಅಂಥ 344 ಮಿಶ್ರಣಗಳನ್ನು ಕೇಂದ್ರ ಸರ್ಕಾರ 2016ರಲ್ಲಿ ಒಂದೇ ಬಾರಿಗೆ ನಿಷೇಧಿಸಲು ಹೊರಟಿತ್ತೆಂದರೆ ಸ್ಥಿತಿ ಊಹಿಸಬಹುದು.

ಆದ್ದರಿಂದ ಅಂತಿಮ ವರ್ಷದ ಮೆಡಿಸಿನ್ ಪ್ರಾಕ್ಟಿಕಲ್‌ನಲ್ಲಿ, ಭಾರತೀಯ ರಾಷ್ಟ್ರೀಯ ಫಾರ್ಮ್ಯುಲರಿಯನ್ನು ತೆರೆದಿಟ್ಟು, ಎದುರಿಗಿರುವ ರೋಗಿಗೇ ಚೀಟಿ ಬರೆಸಬೇಕು. ಪರೀಕ್ಷಕರಲ್ಲಿ ಒಬ್ಬರು ಫಾರ್ಮಕಾಲಜಿಯವರಾಗಿರಬೇಕು. ಪರೀಕ್ಷೆಯ ಅವಧಿ ಬೆಳೆಯುತ್ತದೆ ಎಂಬ ಆಕ್ಷೇಪ ಬರುತ್ತದೆ, ಬೆಳೆಯಲಿ. ಚೀಟಿಯನ್ನು ರೋಗಿಗೆ ಕನ್ನಡದಲ್ಲಿ ವಿವರಿಸುವುದಕ್ಕೂ ಅಂಕವಿರಲಿ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟನ್ನು ವಾರಕ್ಕೊಮ್ಮೆ ಮಾತ್ರ ನುಂಗಬೇಕು, ದಿನವೂ ನುಂಗಿದರೆ ಅಸ್ಥಿಮಜ್ಜೆ ಸೊರಗಿ ಪ್ರಾಣಕ್ಕೇ ಕುತ್ತು. "ವಾರಕ್ಕೊಮ್ಮೆ" ಎಂದಷ್ಟೇ ಬರೆದವನಿಗೆ ಅರ್ಧ ಅಂಕ ಕೊಟ್ಟು, "ಪ್ರತಿ ಸೋಮವಾರ" ಎಂದು ಬರೆದು, "ಅಮ್ಮಾ, ಬೇರೆ ದಿನ ಇದನ್ನು ಮುಟ್ಟಬೇಡಿ" ಎಂದು ತಿಳಿಹೇಳಿ, ಆಕೆಯ ಬಾಯಿಂದಲೇ ಅದನ್ನು ಮತ್ತೆ ಹೇಳಿಸಿದವನಿಗೆ ಪೂರ್ತಿ ಅಂಕ ಕೊಡಬೇಕು.