ಸತ್ಯಾಂಶ: ತುಕ್ಕು ಮೊಳೆ ಹೂತರೆ ಹೈಡ್ರಾಂಜಿಯಾ ಹೂ ಬಿಡುತ್ತದಾ?

‘ಹೈಡ್ರಾಂಜಿಯಾ ಹೂ ಬಿಡ್ತಿಲ್ವಾ? ಗಿಡವನ್ನು ಬುಡದವರೆಗೆ ಕತ್ತರಿಸಿ, ನಾಲ್ಕು ತುಕ್ಕು ಮೊಳೆ ಹೂಳಿ. ನೀಲಿ ಹೂ ಗ್ಯಾರಂಟಿ.’ ವಾಟ್ಸಾಪ್‌ನಲ್ಲಿ ಓಡಾಡುವ ಈ ಮಾತಿನಲ್ಲಿ ಎರಡೂ ಸಲಹೆ ತಪ್ಪು.

ಮೊಳೆಯಲ್ಲಿರುವುದು ಕಬ್ಬಿಣ. ಹೂವಿಗೆ ನೀಲಿ ಬಣ್ಣ ಬರುವುದು ಅಲ್ಯೂಮಿನಿಯಂನಿಂದ. ಮಣ್ಣು ಹುಳಿಯಾಗಿದ್ದರೆ, ಅಂದರೆ ಪಿಎಚ್ ಸುಮಾರು 5.5ಕ್ಕಿಂತ ಕಡಿಮೆ ಇದ್ದರೆ, ಬೇರು ಅದನ್ನು ಹೀರಿಕೊಳ್ಳುತ್ತದೆ. ಸುಣ್ಣದಂಶ ಜಾಸ್ತಿ ಇದ್ದರೆ ಅದೇ ಗಿಡ ಗುಲಾಬಿ ಬಣ್ಣದ ಹೂ ಕೊಡುತ್ತದೆ. ಜೋರು ಮಳೆಯ ಕೊಡಗಿನಲ್ಲಿ ಮಣ್ಣು ಹುಳಿ. ಅಲ್ಲಿ ನೀಲಿ ಹೂ ಸುಲಭ. ಬಿಳಿ ಜಾತಿಗಳು ಮಾತ್ರ ಏನು ಮಾಡಿದರೂ ನೀಲಿಯಾಗುವುದಿಲ್ಲ.

ಹೆಚ್ಚು ಹಾನಿ ಮಾಡುವುದು ಆ ಕತ್ತರಿ. ನಮ್ಮ ತೋಟಗಳಲ್ಲಿರುವ ದೊಡ್ಡ ಎಲೆಯ ಹೈಡ್ರಾಂಜಿಯಾ ಸಾಮಾನ್ಯವಾಗಿ ಹಿಂದಿನ ವರ್ಷ ಬೆಳೆದ ಕಡ್ಡಿಯಲ್ಲೇ ಹೂ ಬಿಡುತ್ತದೆ. ಕಡ್ಡಿಯ ತುದಿಯನ್ನು ಹತ್ತಿರದಿಂದ ನೋಡಿ. ಅಲ್ಲಿ ದಪ್ಪಗೆ ಉಬ್ಬಿದ ಮೊಗ್ಗು ಇದೆ ಅಲ್ವಾ? ಬರುವ ವರ್ಷದ ಹೂಗೊಂಚಲು ಅದರೊಳಗೇ ಇದೆ. ಬುಡದವರೆಗೆ ಕತ್ತರಿಸಿದರೆ ಅದೂ ಹೋಯಿತು. ದಯವಿಟ್ಟು ಹಾಗೆ ಮಾಡಬೇಡಿ. ಹೂ ಬಾಡಿದ ಮೇಲೆ, ಅದರ ಕೆಳಗಿನ ಮೊದಲ ದಪ್ಪ ಮೊಗ್ಗಿನ ಜೋಡಿಗಿಂತ ಸ್ವಲ್ಪ ಮೇಲೆ ಕತ್ತರಿಸಿದರೆ ಸಾಕು. ಒಣಗಿದ ಕಡ್ಡಿಗಳನ್ನು ಮಾತ್ರ ಬುಡದಿಂದ ತೆಗೆಯಿರಿ.

ಯೂರಿಯಾ ಸುಮ್ನೆ ಸುರಿಯಬೇಡಿ. ಎಲೆ ಸೊಂಪಾಗುತ್ತದೆ, ಹೂ ಕಡಿಮೆಯಾಗುತ್ತದೆ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು, ತೇವ ಆರದ ಮಣ್ಣು ಇದಕ್ಕೆ ಇಷ್ಟ. ಈಗಾಗಲೇ ಪೂರ್ತಿ ಕತ್ತರಿಸಿದ್ದರೆ ಗಿಡವನ್ನು ಕೀಳಬೇಡಿ. ಒಂದು ವರ್ಷ ಕತ್ತರಿ ಮುಟ್ಟಿಸದೆ ಬಿಡಿ, ಹೊಸ ಕಡ್ಡಿಗಳ ತುದಿಯಲ್ಲಿ ಮತ್ತೆ ಮೊಗ್ಗು ಕೂರುತ್ತದೆ.