ಪಾವಣೆ ತೀನ್

ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅಟ್ಟದಿಂದ ನನ್ನ ಹಳೆಯ ನೋಟ್‌ಬುಕ್ಕುಗಳು ಇಳಿದವು. ಒಟ್ಟು ಹದಿನೇಳು. ಪುಣೆಗೆ ಬಂದ ಮೇಲೆ ನಾನು ಕೂತ ಮೀಟಿಂಗು, ಕೇಳಿದ ಭಾಷಣ ಎಲ್ಲ ಅದರಲ್ಲಿವೆ ಅಂತ ನಂಬಿಕೊಂಡಿದ್ದೆ.

"ರದ್ದಿಗೆ ಹಾಕ್ಲೇನ್ರಿ?" ಎಂದಳು ಹೆಂಡತಿ. ಅವಳು ಹುಬ್ಬಳ್ಳಿಯವಳು.

"ಬೇಡ, ಅದರಲ್ಲಿ ಮುಖ್ಯವಾದ್ದೆಲ್ಲ ಇದೆ."

"ಏನೈತಿ ಓದ್ರಿ ನೋಡೂಣು."

ಒಂದನ್ನು ತೆರೆದೆ. "ಬಹಳ ಮುಖ್ಯ!! ಮೊದಲು ಅದನ್ನು ಮುಗಿಸಬೇಕು. ಆಮೇಲೆ ಅವರಿಗೆ ಹೇಳಬೇಕು. ಮರೆಯಬಾರದು." ಕೆಳಗೆ ಎರಡು ಗೆರೆ. ಯಾವುದನ್ನು? ಯಾರಿಗೆ? ತಾರೀಖೂ ಇರಲಿಲ್ಲ. ಅಂಚಿನಲ್ಲಿ ಬಿಡಿಸಿದ್ದ ಆನೆ ಮಾತ್ರ ಚೆನ್ನಾಗಿ ಬಂದಿತ್ತು. ಸೊಂಡಿಲಿಗೆ ನೆರಳು ಕೂಡ ಕೊಟ್ಟಿದ್ದೆ. ಅವತ್ತು ಮೀಟಿಂಗ್ ಬಹಳ ಹೊತ್ತು ನಡೆದಿರಬೇಕು.

ನನಗೆ ಬರೆದುಕೊಳ್ಳುವ ಚಟ ಹತ್ತಿದ್ದೇ ಈ ಊರಿನಲ್ಲಿ. ಪುಣೆಯ ಜನಕ್ಕೆ ಭಾಷಣ ಕೇಳುವುದೆಂದರೆ ನಮಗೆ ಯಕ್ಷಗಾನ ನೋಡಿದ ಹಾಗೆ. ನ್ಯಾಯಮೂರ್ತಿ ರಾನಡೆಯವರು 1875ರಲ್ಲಿ ಶುರು ಮಾಡಿದ ವಸಂತ ವ್ಯಾಖ್ಯಾನಮಾಲೆಗೆ ಇವತ್ತಿಗೂ ಬೇಸಿಗೆಯ ಸಂಜೆ ಜನ ಬಂದು ಕೂರುತ್ತಾರೆ. ನಾನೂ ಹೋಗಿದ್ದೆ, ಅಪ್ಪಾ ಬಳವಂತ ಚೌಕದಲ್ಲಿ ಕೊಂಡ ಹೊಸ ಪುಸ್ತಕದ ಜೊತೆ. ಹನ್ನೊಂದು ಪುಟ ಬರೆದೆ. ಪಕ್ಕದ ಕುರ್ಚಿಯ ಆಜೋಬಾ (ಅಜ್ಜ) ಮಾತ್ರ ಕಣ್ಣು ಮುಚ್ಚಿ ಕೂತಿದ್ದರು. ಪಾಪ, ನಿದ್ದೆ ಅಂದುಕೊಂಡೆ. ಮುಗಿದ ಮೇಲೆ ಅವರು ಎದ್ದು ನಿಂತು ಭಾಷಣಕಾರರು ಮೊದಲು ಹೇಳಿದ್ದಕ್ಕೂ ಕೊನೆಗೆ ಹೇಳಿದ್ದಕ್ಕೂ ತಾಳೆಯಾಗುವುದಿಲ್ಲ ಅಂತ ತೋರಿಸಿಕೊಟ್ಟರು. ನಾನು ಎರಡನ್ನೂ ಬರೆದಿದ್ದೆ. ಎರಡೂ ನನಗೆ ಸರಿಯಾಗೇ ಕಂಡಿದ್ದವು.

ಇದರ ಲೆಕ್ಕ ಸುಲಭ. ಭಾಷಣ ಮಾಡುವವರು ನಿಮಿಷಕ್ಕೆ ನೂರಿಪ್ಪತ್ತು ಪದವನ್ನಾದರೂ ಆಡುತ್ತಾರೆ. ಕೈ ಬರೆಯುವುದು ಹೆಚ್ಚೆಂದರೆ ಇಪ್ಪತ್ತೈದು. ಅಂದರೆ ನಾನು ಮೂರನೇ ಮಾತನ್ನು ಬರೆಯುವ ಹೊತ್ತಿಗೆ ನಾಲ್ಕು, ಐದು, ಆರು ತಲೆಯ ಮೇಲಿಂದ ಹಾರಿ ಹೋಗಿರುತ್ತವೆ. ಈ ಲೆಕ್ಕ ಈಗ ಗೊತ್ತು. ಆಗ ಗೊತ್ತಿದ್ದರೆ ಆರು ಬಟಾಟಾ ವಡೆ ಉಳಿಯುತ್ತಿದ್ದವು.

ನಾನು ತಿಪಟೂರಿನವನು. ಭೋಸರಿ ಕಡೆಯ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದಾಗ ನನಗೆ ಬರುತ್ತಿದ್ದ ಮರಾಠಿ ಎಂದರೆ "ಕಾಯ್" ಮತ್ತು "ನಕೋ". ಸೇರಿ ಹದಿನೈದು ದಿನವಾಗಿತ್ತು. ಸಾಹೇಬರು ನಾಳೆಯ ಏರ್ಪಾಡು ಹೇಳುತ್ತಿದ್ದರು. ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ: "ನಾಳೆ. ಪಾವಣೆ ತೀನ್. ಚಹಾ, ನಾಷ್ಟಾ."

ನಮ್ಮ ವಾಚ್‌ಮನ್ ಯಾರಾದರೂ ಬಂದರೆ "ಪಾವ್ಣೆ ಆಲೇ" ಎನ್ನುತ್ತಿದ್ದ. ನೆಂಟರು ಬಂದರು ಅಂತ. ಸರಿ, ಮೂರು ಜನ ಅತಿಥಿಗಳು. ಮೀಟಿಂಗ್ ಯಾವಾಗಲೂ ಹನ್ನೊಂದಕ್ಕೆ. ಮೂರು ಪ್ಲೇಟ್ ಬಟಾಟಾ ವಡೆ ತರಿಸಿ, ಮೇಜಿನ ಮೇಲೆ ಸಾಲಾಗಿ ಇಡಿಸಿ ಕಾದೆ. ಹನ್ನೆರಡಾಯಿತು, ಒಂದಾಯಿತು. ವಡೆ ತಣ್ಣಗಾಗಿ, ಎಣ್ಣೆ ಕೆಳಗಿನ ಪೇಪರಿಗೆ ಇಳಿದು, ಪೇಪರಿನ ಸುದ್ದಿ ವಡೆಗೆ ಅಂಟಿಕೊಂಡಿತು. ಎರಡೂ ಮುಕ್ಕಾಲಿಗೆ ಒಂಬತ್ತು ಜನ ಬಂದರು.

ಪಾವಣೆ ತೀನ್ ಅಂದರೆ ಎರಡೂ ಮುಕ್ಕಾಲು.

"ಒಂಬತ್ತು ಜನ" ಅಂತಲೂ ಸಾಹೇಬರು ಹೇಳಿದ್ದರಂತೆ. ನಾನು ಆಗ "ನಾಷ್ಟಾ"ದ ಒತ್ತನ್ನು ತಿದ್ದುತ್ತಿದ್ದೆ. ಇದನ್ನು ನನಗೆ ಹೇಳಿದ್ದು ಬಾಗಿಲಲ್ಲಿ ಟ್ರೇ ಹಿಡಿದು ನಿಂತಿದ್ದ ಪ್ಯೂನ್. ಅವನ ಕೈಯಲ್ಲಿ ಪೆನ್ನೂ ಇರಲಿಲ್ಲ, ಪುಸ್ತಕವೂ ಇರಲಿಲ್ಲ. ಆರು ವಡೆಯನ್ನು ಇಬ್ಬರೂ ಸೇರಿ ಹನ್ನೆರಡು ಹೋಳು ಮಾಡಿದೆವು. ಬಂದವರು ಒಂಬತ್ತು, ಸಾಹೇಬರು ಒಬ್ಬರು. ಉಳಿದ ಎರಡನ್ನು ಅವನೇ ತಿಂದ. ನನಗೆ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಮದುವೆಯಾದ ಮೇಲೆ ಈ ಕಥೆ ಕೇಳಿ ಹೆಂಡತಿ ಒಂದು ವಾರ ನಕ್ಕಳು. "ನಮ್ಮ ಕಡೆ ದೀಡ, ಅಡೀಚ ಸಣ್ಣ ಹುಡುಗರಿಗೂ ಗೊತ್ತು. ನೀವು ದೀಡ ಶಾಣ್ಯಾ." ದೀಡ ಅಂದರೆ ಒಂದೂವರೆ, ಅಡೀಚ ಅಂದರೆ ಎರಡೂವರೆ. ನಾನು ಒಂದೂವರೆ ಪಾಲು ಜಾಣ. ಇದೂ ಲೆಕ್ಕವೇ.

ಆಮೇಲೆ ಯಾರೋ ಉಪದೇಶ ಮಾಡಿದರು: ಎಲ್ಲ ಬರೆಯಬೇಡ, ಮುಖ್ಯ ಪದ ಹಿಡಿ, ಉಳಿದದ್ದು ಬಿಡು. ಇಂಗ್ಲಿಷಿನವರಿಗೆ ಇದು ಸರಿ ಹೋಗಬಹುದು. ನಮ್ಮದರಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಬೇಕೋ ಬೇಡವೋ, ಆಯಿತೋ ಇಲ್ಲವೋ, ಎಲ್ಲ ಕೂತಿರುವುದು ಆ ಬಾಲದಲ್ಲೇ. ಅವಸರದಲ್ಲಿ ಕತ್ತರಿಸಿ ಹೋಗುವುದೂ ಅದೇ. "ಹಾಲ್‌ಗೆ ಮುಂಗಡ ಕೊಡ" ಅಂತ ನನ್ನ ಒಂದು ಪುಸ್ತಕದಲ್ಲಿದೆ. ಕೊಡಬೇಕೋ, ಕೊಡಬಾರದೋ? ಇಬ್ಬರು ಇದರ ಮೇಲೆ ಮಾತು ಬಿಟ್ಟರು.

ಅದು ನಮ್ಮ ಕನ್ನಡದವರ ಸಣ್ಣ ಬಳಗದ ಪುಸ್ತಕ. ರಾಜ್ಯೋತ್ಸವಕ್ಕೆ ಒಂದು ಹಾಡು, ಒಂದು ನಾಟಕ, ಒಂದು ಊಟ ಮಾಡುವ ಬಳಗ. ಸಭೆಯ ನಡಾವಳಿ ಬರೆಯುವ ಕೆಲಸ ನನಗೆ ಬಿತ್ತು. ಪೆನ್ನು ಹಿಡಿದು ಕೂರುವವನನ್ನು ಕಂಡರೆ ಜನ ಬಿಡುತ್ತಾರಾ? ಹೆಸರುಗಳನ್ನು ಒಂದೊಂದು ಅಕ್ಷರಕ್ಕೆ ಇಳಿಸಿದೆ. ಅಧ್ಯಕ್ಷರಿಗೆ "ಅ". ಅಡುಗೆಯವರಿಗೂ "ಅ". ಬರೆಯುವಾಗ ಗೊಂದಲವೇ ಇರಲಿಲ್ಲ, ಎರಡೂ ನನಗೆ ಗೊತ್ತಿತ್ತು. ಮುಂದಿನ ಸಭೆಯಲ್ಲಿ ಹಿಂದಿನದನ್ನು ಓದುವುದು ಪದ್ಧತಿ. ಎದ್ದು ನಿಂತು ಗಟ್ಟಿಯಾಗಿ ಓದಿದೆ: "ಈ ಸಲದ ಅಧ್ಯಕ್ಷರು ಸರಿಯಿಲ್ಲ. ಹೋದ ವರ್ಷದವರೇ ವಾಸಿ. ಎಣ್ಣೆ ಜಾಸ್ತಿ. ಮುಂದಿನ ವರ್ಷ ಬೇರೆ ಅಧ್ಯಕ್ಷರನ್ನು ನೋಡಬೇಕೆಂದು ಒಮ್ಮತದಿಂದ ತೀರ್ಮಾನಿಸಲಾಯಿತು."

ಎಣ್ಣೆ ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು. ಖಜಾಂಚಿ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಎದ್ದು ಚಪ್ಪಲಿ ಹುಡುಕಿದರು. ಅವರನ್ನು ಲಿಫ್ಟಿನ ತನಕ ಓಡಿ ಹಿಡಿದು, ಅದು ನೀವಲ್ಲ ಸರ್, ಅಡುಗೆಯವರು ಎಂದೆ. "ಅಡುಗೆ ನನ್ನ ಭಾವನದ್ದೇ ಅಲ್ವಾ?" ಎಂದರು.

ಮಗಳು ಕಾಲೇಜು ಸೇರಿದ ಮೇಲೆ ನನ್ನನ್ನು ತಿದ್ದಲು ಹೊರಟಳು. "ಅಪ್ಪಾ, ಕಾರ್ನೆಲ್ ಪದ್ಧತಿ ಮಾಡು." 1950ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಎಂಬ ಮೇಷ್ಟ್ರು ರೂಪಿಸಿದ್ದು. ಪುಟದ ಎಡಗಡೆ ಸಣ್ಣ ಪಟ್ಟಿ, ಬಲಗಡೆ ದೊಡ್ಡ ಜಾಗ, ಅಡಿಯಲ್ಲಿ ನಾಲ್ಕು ಬೆರಳು ಖಾಲಿ. ಕೇಳುವಾಗ ಬಲಗಡೆ ಬರೆಯಬೇಕು. ಮನೆಗೆ ಬಂದು ಎಡಗಡೆ ಪ್ರಶ್ನೆ ಹಾಕಬೇಕು, ಅಡಿಯಲ್ಲಿ ನಮ್ಮದೇ ಮಾತಿನಲ್ಲಿ ಸಾರಾಂಶ. ಆಮೇಲೆ ಬಲಗಡೆಯನ್ನು ಕೈಯಿಂದ ಮುಚ್ಚಿ ಎಡಗಡೆಯ ಪ್ರಶ್ನೆಗೆ ಉತ್ತರ ಹೇಳಿಕೊಳ್ಳಬೇಕು. ಒಳ್ಳೆಯ ಉಪಾಯ. ನಾನು ಸ್ಕೇಲು, ಕೆಂಪು ಪೆನ್ನು ತಂದು ಒಂದು ಭಾನುವಾರ ಪೂರ್ತಿ ನೂರು ಪುಟಕ್ಕೆ ಗೆರೆ ಎಳೆದೆ. ಅಷ್ಟು ಚಂದದ ಪುಟವನ್ನು ಹಾಳು ಮಾಡಲು ಮನಸ್ಸು ಬರಲಿಲ್ಲ.

"ಹಾಗಾದರೆ ಲ್ಯಾಪ್‌ಟಾಪಿನಲ್ಲಿ ಬರೆಯಲಾ?" ಎಂದೆ. ಅದಕ್ಕೂ ಅವಳ ಹತ್ತಿರ ಸಂಶೋಧನೆ ಇತ್ತು. ಟೈಪ್ ಮಾಡುವವರು ಕೇಳಿದ್ದನ್ನು ಕೇಳಿದ ಹಾಗೇ ಇಳಿಸುತ್ತಾರೆ, ಅರ್ಥ ಮಾಡಿಕೊಳ್ಳುವುದರಲ್ಲಿ ಕೈಯಲ್ಲಿ ಬರೆದವರೇ ಮುಂದು ಅಂತ 2014ರಲ್ಲಿ ಕಂಡುಕೊಂಡರಂತೆ. ಬೇರೆಯವರು ಮತ್ತೆ ಮಾಡಿ ನೋಡಿದಾಗ ಅಷ್ಟು ಖಚಿತವಾಗಿ ಬರಲಿಲ್ಲವಂತೆ. ನಾನಂತೂ ಕೈಯಲ್ಲೂ ಕೇಳಿದ ಹಾಗೇ ಇಳಿಸುವವನು. ನನ್ನನ್ನು ಯಾವ ಗುಂಪಿಗೆ ಸೇರಿಸುತ್ತಿದ್ದರೋ.

ಕೊನೆಗೆ ಹದಿನೇಳೂ ರದ್ದಿಗೆ ಹೋದವು. ಆನೆಯ ಪುಟ ಮಾತ್ರ ಹರಿದಿಟ್ಟುಕೊಂಡೆ. ರದ್ದಿಯವನು ತಕ್ಕಡಿಗೆ ಹಾಕಿ, ತೂಕ ಕೂಗಿ, ನೋಟು ಎಣಿಸಿಕೊಟ್ಟ. ಇನ್ನೂ ಹದಿನಾಲ್ಕು ರೂಪಾಯಿ ಬರಬೇಕಿತ್ತು. "ಸುಟ್ಟೆ ನಾಹೀತ್" ಎಂದ. ಚಿಲ್ಲರೆ ಇಲ್ಲ ಅಂತ, ಏನನ್ನೂ ಸುಟ್ಟಿರಲಿಲ್ಲ. ಯಾವಾಗ ಕೊಡುತ್ತಾನೆಂದೂ ಹೇಳಿ ಹೋದ. ನಾನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟೆ.

ವಾರ ಕಳೆದು ಹೆಂಡತಿ ಕೇಳಿದಳು, "ರೀ, ರದ್ದಿಯವನ ರೊಕ್ಕ ಬಂತೇನು?"

ಕ್ಯಾಲೆಂಡರ್ ತಿರುಗಿಸಿ ನೋಡಿದೆ. "ರದ್ದಿ. 14 ರೂ. ಪರ್ವಾ." ಮರಾಠಿಯಲ್ಲಿ ಪರ್ವಾ ಅಂದರೆ ಮೊನ್ನೆಯೂ ಹೌದು, ನಾಡಿದ್ದೂ ಹೌದು. ಕ್ರಿಯಾಪದ ನೋಡಿ ತಿಳಿದುಕೊಳ್ಳಬೇಕು.